ಒಂದೇ ಮಿದುಳೋ, ನಾಲ್ಕು ಮಿದುಳೋ: ತೋಟದ ಮೋಟರ್‌ಗಳಿಗೆ ಯಾವ ಬಗೆಯ ಕಂಟ್ರೋಲ್?

ಕೆರೆ ಮೂರು, ಮೋಟರ್ ನಾಲ್ಕು, ತ್ರೀ ಫೇಸ್ ಕರೆಂಟು ಸಿಗುವುದು ಕೆಲವೇ ಗಂಟೆ. ಒಂದು ಮೋಟರ್ ಗದ್ದೆ ಬದಿಯಲ್ಲಿ, ಇನ್ನೊಂದು ಗುಡ್ಡದ ಮೇಲೆ. ನಡುವೆ ಸಿಲ್ವರ್ ಓಕ್, ಮೆಣಸಿನ ಬಳ್ಳಿ, ಒಂದು ಹಳ್ಳ. "ಎಲ್ಲಾ ಮೋಟರನ್ನೂ ಒಂದೇ ಪ್ಯಾನೆಲ್‌ಗೆ ಸೇರಿಸೋದಾ, ಇಲ್ಲಾ ಒಂದೊಂದಕ್ಕೂ ಬೇರೆ ಬೇರೆ ಕೂರಿಸೋದಾ?" ಅಂತ ಈ ವರ್ಷ ನನ್ನನ್ನು ಕೇಳಿದವರು ಹಲವರು. ಕೊಡಗಿನ ಸಿದ್ದಾಪುರ ಕಡೆಯವರು ಒಬ್ಬರು, ನಾಪೋಕ್ಲು ಕಡೆಯವರು ಇಬ್ಬರು, ಸುಂಟಿಕೊಪ್ಪದ ಹತ್ತಿರದವರು ಇನ್ನೊಬ್ಬರು. ತೋಟ ಬೇರೆ, ಪ್ರಶ್ನೆ ಒಂದೇ.

ನಾನು ಓದಿದ್ದು ಕಂಟ್ರೋಲ್ ಎಂಜಿನಿಯರಿಂಗ್, ಅಂದರೆ ಯಂತ್ರಗಳು ತಾವಾಗಿಯೇ ಹದದಲ್ಲಿ ಓಡುವಂತೆ ಮಾಡುವ ವಿದ್ಯೆ. ಈಗ ನೋಡಿಕೊಳ್ಳುವುದು ಮನೆಯವರ ರೊಬಸ್ಟಾ ಕಾಫಿ ತೋಟ. ಈ ಪ್ರಶ್ನೆ ತೋಟದ್ದು ಮಾತ್ರ ಅಲ್ಲ ಅಂತ ನನಗೆ ಗೊತ್ತು. ದೂರ ದೂರ ಇರುವ ಹಲವು ಯಂತ್ರಗಳು ಒಂದೇ ಕೆಲಸ ಮಾಡಬೇಕು, ಆದರೆ ಯಾವುದಕ್ಕೂ ಪೂರ್ತಿ ವಿಷಯ ಗೊತ್ತಿರುವುದಿಲ್ಲ. ಕರೆಂಟಿನ ಗ್ರಿಡ್, ಕಾಲುವೆ, ಕಾರ್ಖಾನೆ, ಎಲ್ಲ ಕಡೆಯೂ ಇದೇ ತಲೆನೋವು. ಅಲ್ಲಿ ಕಲಿತದ್ದು ನಮ್ಮ ಮೋಟರ್ ಮನೆಗೂ ಬರುತ್ತದೆ.

ತಪ್ಪಿದರೆ ಏನು ನಷ್ಟ ಅಂತ ರೊಬಸ್ಟಾ ಬೆಳೆಯುವವರಿಗೆ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ಒಂದರಿಂದ ಒಂದೂವರೆ ಇಂಚು ನೀರು ಸಿಗಬೇಕು. ಎಕರೆಗೆ ಒಂದಿಂಚು ಅಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ಅರ್ಧ ನೀರು ಬಿದ್ದ ಗಿಡದಲ್ಲಿ ಮೊಗ್ಗು ಸರಿಯಾಗಿ ಬಿಚ್ಚುವುದಿಲ್ಲ. ಆಮೇಲೆ ಮೂರು ವಾರದೊಳಗೆ ಬ್ಯಾಕಿಂಗ್ ನೀರು (ಹೂವಾದ ಮೇಲೆ ಕೊಡುವ ಎರಡನೇ ನೀರು) ಬೇರೆ ಕೊಡಬೇಕು. ರಾತ್ರಿ ಎರಡು ಗಂಟೆಗೆ ಒಂದು ಮೋಟರ್ ಸುಮ್ನೆ ನಿಂತರೆ, ಬೆಳಗಾಗುವಷ್ಟರಲ್ಲಿ ನೀರು ಚಿಮ್ಮಿಸುವ ಒಂದು ಸೆಟ್ ಜೆಟ್‌ಗಳ ಕೆಳಗಿನ ಗಿಡಗಳೆಲ್ಲ ಅರ್ಧ ನೀರಿನವಾಗಿರುತ್ತವೆ.

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಯಾವ ಅಳತೆಯಿಂದ ನೋಡುವುದು ಅಂತ ತೀರ್ಮಾನಿಸೋಣ. ನಾನು ನಾಲ್ಕು ಅಳತೆ ಇಟ್ಟುಕೊಂಡಿದ್ದೇನೆ. ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ. ಅದನ್ನೇ ಜಾಸ್ತಿ ಬಿಡಿಸಿ ಹೇಳುತ್ತೇನೆ.

ಸುದ್ದಿ ಮೊದಲೋ, ನೀರು ಮೊದಲೋ

ಮೇಲಿನ ಮೋಟರ್ ನಿಂತಿತು ಅಂದುಕೊಳ್ಳಿ. ಅದರ ಪರಿಣಾಮ ಕೆಳಗಿನ ಮೋಟರಿಗೆ ತಟ್ಟಲು ಎಷ್ಟು ಹೊತ್ತು ಬೇಕು? "ನಾನು ನಿಂತೆ" ಅನ್ನುವ ಸುದ್ದಿ ಅದಕ್ಕೆ ಮುಟ್ಟಲು ಎಷ್ಟು ಹೊತ್ತು ಬೇಕು? ಈ ಎರಡನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಮೇಲಿನ ಕೆರೆಯ ತೂಬು ತೆರೆದರೆ ತೋಡಿನಲ್ಲಿ (ಸಣ್ಣ ಕಾಲುವೆಯಲ್ಲಿ) ನೀರು ಕೆಳಗಿನ ಕೆರೆಗೆ ಬರಲು ನಮ್ಮಲ್ಲಿ ಇಪ್ಪತ್ತು ನಿಮಿಷ ಬೇಕು. ರೇಡಿಯೋದಲ್ಲಿ ಸುದ್ದಿ ಎರಡು ಸೆಕೆಂಡಿಗೆ ಬರುತ್ತದೆ. ಇಲ್ಲಿ ಸುದ್ದಿಯೇ ಮುಂದೆ. ಕೆಳಗಿನ ಕಂಟ್ರೋಲರ್‌ಗೆ, ಅಂದರೆ ಅಲ್ಲಿನ ಮೋಟರನ್ನು ಓಡಿಸಿ ನಿಲ್ಲಿಸುವ ಪೆಟ್ಟಿಗೆಗೆ, ತಯಾರಾಗಲು ಬೇಕಾದಷ್ಟು ಸಮಯ ಉಂಟು.

ಆದರೆ ಎರಡು ಮೋಟರ್ ಒಂದೇ ಮೇನ್ ಪೈಪಿಗೆ ನೀರು ತಳ್ಳುತ್ತಿದ್ದರೆ ಕಥೆ ತಿರುಗುಮುರುಗು. ಪಿವಿಸಿ ಪೈಪಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 300ರಿಂದ 500 ಮೀಟರ್ ಓಡುತ್ತದೆ. ನಾನೂರು ಮೀಟರ್ ಆಚೆ ಒಬ್ಬರು ವಾಲ್ವ್ ಮುಚ್ಚಿದರೆ ಒಂದು ಸೆಕೆಂಡಿಗೆಲ್ಲ ಇಲ್ಲಿನ ಗೇಜ್ ಮುಳ್ಳು ಕುಣಿಯುತ್ತದೆ. ದೂರಕ್ಕೆ ಮುಟ್ಟಲಿ ಅಂತ ತೀರಾ ನಿಧಾನಕ್ಕೆ ಇಟ್ಟ ಲೋರಾ ರೇಡಿಯೋದ (ಕಡಿಮೆ ಕರೆಂಟಿನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ಬಗೆ) ಒಂದು ಸಂದೇಶಕ್ಕೇ ಒಂದು ಸೆಕೆಂಡಿಗಿಂತ ಜಾಸ್ತಿ ಬೇಕು. ಅದೂ ಕೆಲವು ನಿಮಿಷಕ್ಕೊಂದು ಸಲ ಕಳಿಸುವಂಥದ್ದು. ಇಲ್ಲಿ ನೀರೇ ಮುಂದೆ, ಸುದ್ದಿ ಹಿಂದೆ.

ಇದು ನನ್ನ ಲೆಕ್ಕ ಮಾತ್ರ ಅಲ್ಲ. 2006ರಲ್ಲಿ ಮೈಕಲ್ ರಾಟ್‌ಕೊವಿಟ್ಜ್ ಮತ್ತು ಸಂಜಯ್ ಲಾಲ್ ಅನ್ನುವ ಸಂಶೋಧಕರು ಇದನ್ನು ಗಣಿತದಲ್ಲಿ ತೋರಿಸಿದರು. ಒಂದು ಕಂಟ್ರೋಲರ್ ಮಾಡಿದ್ದರ ಪರಿಣಾಮ ಇನ್ನೊಂದಕ್ಕೆ ತಟ್ಟುವ ಮೊದಲೇ ಸುದ್ದಿ ಮುಟ್ಟುವಂತಿದ್ದರೆ, ಅತ್ಯುತ್ತಮ ಲೀನಿಯರ್ ಕಂಟ್ರೋಲರ್ (ಕಂಡ ಅಳತೆಗೆ ಸರಿಪ್ರಮಾಣದಲ್ಲಿ ಆಜ್ಞೆ ಕೊಡುವಂಥದ್ದು) ಹುಡುಕುವುದು ಕಂಪ್ಯೂಟರ್ ಬಿಡಿಸಬಲ್ಲ ಲೆಕ್ಕವಾಗುತ್ತದೆ. ಸುದ್ದಿ ಹಿಂದೆ ಬಿದ್ದರೆ ಆ ಖಾತ್ರಿ ಇಲ್ಲ.

ಖಾತ್ರಿ ಇಲ್ಲದಾಗ ಎಷ್ಟು ಕಷ್ಟ ಅಂತ ಅದಕ್ಕೂ ಮೊದಲೇ, 1968ರಲ್ಲಿ, ಹಾನ್ಸ್ ವಿಟ್ಸನ್‌ಹೌಸನ್ ಒಂದು ಸಣ್ಣ ಉದಾಹರಣೆಯಿಂದ ತೋರಿಸಿದ್ದರು. ಎರಡೇ ಕಂಟ್ರೋಲರ್, ಎರಡೇ ಹೆಜ್ಜೆ. ಉಳಿದದ್ದೆಲ್ಲ ಪಾಠದ ಪುಸ್ತಕದಷ್ಟು ಸುಲಭ. ಒಬ್ಬನೇ ಎಲ್ಲವನ್ನೂ ನೋಡಬಲ್ಲವನಾಗಿದ್ದರೆ ಸರಳ ಲೀನಿಯರ್ ಸೂತ್ರವೇ ಅತ್ಯುತ್ತಮ. ಆದರೆ ಮೊದಲನೆಯವನಿಗೆ ಗೊತ್ತಿರುವುದು ಎರಡನೆಯವನಿಗೆ ಗೊತ್ತಿಲ್ಲ ಅಂತಾದ ಕೂಡಲೇ ಸರಳ ಸೂತ್ರ ಸೋಲುತ್ತದೆ. ಅದರ ನಿಖರ ಅತ್ಯುತ್ತಮ ಉತ್ತರ ಇವತ್ತಿಗೂ ಸಿಕ್ಕಿಲ್ಲ. 1986ರಲ್ಲಿ ಪಾಪದಿಮಿತ್ರಿಯು ಮತ್ತು ಸಿಟ್‌ಸಿಕ್ಲಿಸ್, ಅದನ್ನು ಬಿಡಿ ಬಿಡಿ ಅಂಕಿಗಳ ಲೆಕ್ಕವಾಗಿ ಮಾಡಿದರೂ ಕಂಪ್ಯೂಟರ್‌ಗೆ ಕಷ್ಟದ ವರ್ಗಕ್ಕೇ ಸೇರುತ್ತದೆ ಅಂತ ಸಾಬೀತು ಮಾಡಿದರು.

ಯಾಕೆ ಅಷ್ಟು ಕಷ್ಟ? ನಮ್ಮ ತೋಟದಲ್ಲೇ ಕಾಣಿಸುತ್ತದೆ. ಮೇಲಿನ ಬ್ಲಾಕಿನಲ್ಲಿ ಫೋನ್ ಸಿಗ್ನಲ್ ಇಲ್ಲ. ಜೆಟ್ ಶಿಫ್ಟ್ ಮಾಡುವ ಮೊದಲು ಮೋಟರ್ ನಿಲ್ಲಿಸಬೇಕಾದರೆ ಅಲ್ಲಿನ ಹುಡುಗ ಗೇಟ್ ವಾಲ್ವನ್ನು ಎರಡು ಸಲ ಅರ್ಧ ಮುಚ್ಚಿ ತೆರೆಯುತ್ತಾನೆ. ಕೆಳಗೆ ಮೋಟರ್ ಮನೆಯಲ್ಲಿ ಕೂತವರಿಗೆ ಗೇಜ್ ಮುಳ್ಳು ಎರಡು ಸಲ ಎದ್ದು ಕೂತದ್ದು ಕಾಣಿಸುತ್ತದೆ. "ಮೇಲೆ ಕರೀತಾ ಇದ್ದಾರೆ" ಅಂತ ಸ್ವಿಚ್ ಆಫ್ ಮಾಡುತ್ತಾರೆ. ನೋಡಿ, ಆ ಹುಡುಗನ ಕೈ ವಾಲ್ವ್ ತಿರುಗಿಸುವುದು ನೀರಿಗಾಗಿ ಅಲ್ಲ, ಮಾತಿಗಾಗಿ. ಒಂದೇ ಕೈಯಲ್ಲಿ ಕೆಲಸವೂ ಆಗಬೇಕು, ಸುದ್ದಿಯೂ ಹೋಗಬೇಕು. ಇವೆರಡನ್ನು ಹೇಗೆ ಬೆರೆಸಿದರೆ ನಷ್ಟ ಕಡಿಮೆ ಅನ್ನುವುದೇ ವಿಟ್ಸನ್‌ಹೌಸನ್ ಪ್ರಶ್ನೆಯ ತಿರುಳು.

ಹಾಗಾಗಿ ಯಾರಾದರೂ "ನಮ್ಮ ಸಾಫ್ಟ್‌ವೇರ್ ಎಲ್ಲ ತೋಟಕ್ಕೂ ಆಪ್ಟಿಮಲ್" ಅಂದರೆ, ಸುದ್ದಿ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅಂತ ಮೊದಲು ಕೇಳಿ.

ಉಳಿದ ಮೂರು ಅಳತೆ

ಎರಡನೆಯದು, ಒಬ್ಬರ ಕೆಲಸ ಇನ್ನೊಬ್ಬರಿಗೆ ಎಷ್ಟು ತಟ್ಟುತ್ತದೆ. ಒಂದು ಮೋಟರ್ ಓಡಿಸಿ, ಉಳಿದ ಕಡೆ ಗೇಜ್ ಮತ್ತು ನೀರಿನ ಮಟ್ಟ ಬರೆದುಕೊಳ್ಳಿ. ಆಮೇಲೆ ಇನ್ನೊಂದು. ನಾಲ್ಕು ಮೋಟರಿಗೆ ಒಂದು ಬೆಳಗ್ಗೆ ಸಾಕು. ಅಲುಗಾಡದೇ ಇದ್ದ ಜೋಡಿಗಳನ್ನು ಬೇರೆಯಾಗಿಯೇ ಬಿಡಬಹುದು. ಕಾರ್ಖಾನೆಗಳಲ್ಲಿ ಇದನ್ನೇ ಸ್ವಲ್ಪ ಶಿಸ್ತಾಗಿ, ಕೋಷ್ಟಕ ಹಾಕಿ ಮಾಡುತ್ತಾರೆ. 1966ರಲ್ಲಿ ಬ್ರಿಸ್ಟಲ್ ಅನ್ನುವವರು ಕೊಟ್ಟ ವಿಧಾನ ಅದು.

ಮೂರನೆಯದು, ಕೆಟ್ಟಾಗ ಏನಾಗುತ್ತದೆ. ಚೆನ್ನಾಗಿರುವಾಗ ಯಾವುದು ಹೆಚ್ಚು ಚೆನ್ನಾಗಿದೆ ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ಮರದ ಕೊಂಬೆ ಲೈನ್ ಮೇಲೆ ಬೀಳುತ್ತದೆ, ಆನೆ ಪೈಪು ತುಳಿಯುತ್ತದೆ, ಏಪ್ರಿಲ್‌ನಲ್ಲಿ ಮಿಂಚು. ಆಗ ಒಂದು ಮೋಟರ್ ನಿಲ್ಲುತ್ತದೋ, ನಾಲ್ಕೂ ನಿಲ್ಲುತ್ತವೋ?

ನಾಲ್ಕನೆಯದು, ರಿಪೇರಿ ಯಾರು ಮಾಡುತ್ತಾರೆ, ಖರ್ಚು ಎಷ್ಟು. ಗೋಣಿಕೊಪ್ಪದ ಮೋಟರ್ ರಿವೈಂಡಿಂಗ್‌ನವರು ಸ್ಟಾರ್ಟರ್ ಬಿಚ್ಚಿ ಜೋಡಿಸುತ್ತಾರೆ. ಕೋಡ್ ಬಿಚ್ಚಲು ಅವರಿಗೆ ಹೇಳುವ ಹಾಗಿಲ್ಲ, ಅಲ್ವಾ?

ಈಗ ಒಂದೊಂದೇ ಆಯ್ಕೆಗೆ ಬರೋಣ.

ಒಂದೇ ಮಿದುಳು

ಮನೆಯಲ್ಲಿ ಒಂದು ಕಂಪ್ಯೂಟರ್ ಅಥವಾ ಪಿಎಲ್‌ಸಿ (ಕಾರ್ಖಾನೆಗಳಲ್ಲಿ ಯಂತ್ರ ಓಡಿಸಲು ಬಳಸುವ ಗಟ್ಟಿಮುಟ್ಟಾದ ಸಣ್ಣ ಕಂಪ್ಯೂಟರ್). ಎಲ್ಲ ಕೆರೆಯ ಮಟ್ಟ, ಎಲ್ಲ ಪೈಪಿನ ಒತ್ತಡ ಅಲ್ಲಿಗೆ ಬರುತ್ತದೆ. ಎಲ್ಲ ಆಜ್ಞೆ ಅಲ್ಲಿಂದ ಹೊರಡುತ್ತದೆ.

ಕಾಗದದ ಮೇಲೆ ಇದನ್ನು ಮೀರಿಸಿದ್ದು ಯಾವುದೂ ಇಲ್ಲ. ಎಲ್ಲ ವಿಷಯ ಒಬ್ಬನಿಗೇ ಗೊತ್ತಿದ್ದರೆ, ಗೊತ್ತಿಲ್ಲದೆ ಆಗುವ ತಪ್ಪುಗಳೇ ಇರುವುದಿಲ್ಲ. ಇವತ್ತು ಎಷ್ಟು ಗಂಟೆ ಕರೆಂಟು, ಯಾವ ಕೆರೆಯಲ್ಲಿ ಎಷ್ಟು ನೀರು, ಯಾವ ಬ್ಲಾಕಿಗೆ ಯಾವಾಗ ನೀರು ಬಿದ್ದಿದೆ, ಎಲ್ಲ ಸೇರಿಸಿ ಮುಂದಿನ ಎಂಟು ಗಂಟೆಗೆ ಯೋಜನೆ ಹಾಕಬಹುದು. ಹತ್ತು ನಿಮಿಷಕ್ಕೊಮ್ಮೆ ಯೋಜನೆಯನ್ನು ಹೊಸದಾಗಿ ತಿದ್ದಬಹುದು. ಇದನ್ನು ಮಾಡೆಲ್ ಪ್ರಿಡಿಕ್ಟಿವ್ ಕಂಟ್ರೋಲ್ ಅನ್ನುತ್ತಾರೆ. ತೈಲ ಶುದ್ಧೀಕರಣ ಘಟಕಗಳಲ್ಲಿ 1970ರ ದಶಕದಿಂದ ಬಳಕೆಯಲ್ಲಿದೆ. ನಾಲ್ಕು ಮೋಟರಿನ ಲೆಕ್ಕ ಹಳೆಯ ಲ್ಯಾಪ್‌ಟಾಪಿಗೂ ಸಲೀಸು.

ಕಷ್ಟ ಲೆಕ್ಕದಲ್ಲಿಲ್ಲ, ದಾರಿಯಲ್ಲಿದೆ. ಪ್ರತಿ ಸುದ್ದಿಯೂ ಮನೆಗೆ ಬಂದು ವಾಪಸ್ ಹೋಗಬೇಕು. ಮಂಜು ಬಿದ್ದು ಎಲೆ ಒದ್ದೆಯಾದರೆ ರೇಡಿಯೋ ಸಿಗ್ನಲ್ ಕುಗ್ಗುತ್ತದೆ. ಮನೆಯ ರೂಟರ್‌ಗೆ ಕರೆಂಟು ಹೋದರೆ ಗುಡ್ಡದ ಮೇಲಿನ ಮೋಟರಿಗೆ ಕರೆಂಟು ಇದ್ದರೂ ಉಪಯೋಗಕ್ಕಿಲ್ಲ. ತಾಮ್ರದ ವೈರ್ ಎಳೆದರೆ ಸಿಗ್ನಲ್ ಚೆನ್ನಾಗಿ ಬರುತ್ತದೆ. ಆದರೆ ಅರ್ಧ ಕಿಲೋಮೀಟರ್ ವೈರ್ ಅಂದರೆ ಸಿಡಿಲಿಗೆ ಹಾಸಿದ ದಾರಿ. ಒಂದು ಕಡೆ ಹೊಡೆದರೆ ಎರಡೂ ತುದಿಯ ಬೋರ್ಡು ಸುಡುತ್ತದೆ. ಆಪ್ಟಿಕಲ್ ಫೈಬರ್‌ಗೆ ಆ ಭಯವಿಲ್ಲ. ಒಳಗೆ ಗಟ್ಟಿಯಾಗಲಿ ಅಂತ ಹಾಕುವ ಉಕ್ಕಿನ ತಂತಿ ಇಲ್ಲದ ಬಗೆಯದ್ದನ್ನೇ ಕೇಳಿ ತನ್ನಿ.

ಎಲ್ಲ ಮೋಟರ್ ಒಂದೇ ಕೆರೆಯ ಸುತ್ತ, ನೂರು ಮೀಟರಿನೊಳಗೆ ಇದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಸುದ್ದಿ ಓಡಬೇಕಾದ ದೂರವೇ ಇಲ್ಲದಾಗ ಅದನ್ನು ಹಂಚಿಕೊಂಡು ಕಷ್ಟಪಡುವುದು ಯಾಕೆ?

ತನ್ನ ಪಾಡಿಗೆ ತಾನು

ಒಂದೊಂದು ಮೋಟರಿಗೂ ಅದರದ್ದೇ ಕಂಟ್ರೋಲರ್. ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ಟ್ಯಾಂಕಿಗೆ ಎರಡು ಫ್ಲೋಟ್ ಸ್ವಿಚ್, ಕೆಳಗಿನದು ಬಿದ್ದರೆ ಆನ್, ಮೇಲಿನದು ಎದ್ದರೆ ಆಫ್. ಇದಕ್ಕಿಂತ ಅಗ್ಗದ್ದು ಇಲ್ಲ. ಲೈನ್ ಮನೆಯ (ಕೆಲಸದವರ ಸಾಲು ಮನೆಯ) ಹುಡುಗನಿಗೂ ಅರ್ಥವಾಗುತ್ತದೆ. ಒಂದು ಕೆಟ್ಟರೆ ಒಂದೇ ಕೆಡುತ್ತದೆ.

ನಾವೂ ಇಲ್ಲಿಂದಲೇ ಶುರು ಮಾಡಿದ್ದು. ಕೆಳಗಿನ ಕೆರೆಯಿಂದ ನಡುವಿನ ಕೆರೆಗೆ ಎತ್ತುವ ಮೋಟರ್ ಇವತ್ತಿಗೂ ಫ್ಲೋಟ್ ಮೇಲೆಯೇ ಓಡುತ್ತಿದೆ. ತೊಂದರೆ ಬಂದದ್ದು ಒಂದೇ ಮೇನ್ ಲೈನಿಗೆ ಸೇರಿದ ಎರಡು ಮೋಟರ್‌ಗಳಲ್ಲಿ. ಅದನ್ನು ಬಿಡಿಸಿ ಹೇಳಬೇಕು. ಇದೇ ತಪ್ಪನ್ನು ಇನ್ನೂ ಇಬ್ಬರ ತೋಟದಲ್ಲಿ ನೋಡಿದ್ದೇನೆ.

ಎರಡಕ್ಕೂ ವಿಎಫ್‌ಡಿ (ಮೋಟರಿನ ವೇಗ ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕಿಸಿದ್ದೆವು. ಎರಡಕ್ಕೂ ಅದರದ್ದೇ ಪ್ರೆಶರ್ ಸೆನ್ಸರ್, ಎರಡಕ್ಕೂ 3 ಕೆಜಿ (ಚದರ ಸೆಂಟಿಮೀಟರಿಗೆ) ಒತ್ತಡದ ಗುರಿ, ಒಳಗೆ ಮಾಮೂಲಿ ಪಿಐ ಕಂಟ್ರೋಲ್, ಅಂದರೆ ಈಗಿನ ತಪ್ಪನ್ನೂ ಇದುವರೆಗೆ ಕೂಡಿಬಂದ ತಪ್ಪನ್ನೂ (ಇಂಟಿಗ್ರಲ್) ನೋಡಿ ತಿದ್ದುವ ವಿಧಾನ. ಬೇರೆ ಬೇರೆಯಾಗಿ ಓಡಿಸಿದಾಗ ಎರಡೂ ಚಿನ್ನದಂತೆ ಓಡಿದವು. ಒಟ್ಟಿಗೆ ಓಡಿಸಿದ ಮೊದಲ ರಾತ್ರಿಯೇ ಮೋಟರ್ ನೋಡಿಕೊಳ್ಳುವವರು ಮನೆಗೆ ಬಂದರು. "ಸಾರ್, ಒಂದು ಕಿರಿಚ್ತಾ ಉಂಟು, ಇನ್ನೊಂದು ಓಡ್ತದೆ ಆದ್ರೆ ನೀರು ತಳ್ಳೂದಿಲ್ಲ. ಮುಟ್ಟಿದ್ರೆ ಬಿಸಿ."

ಹೋಗಿ ನೋಡಿದರೆ ಒಂದು 50 ಹರ್ಟ್ಜ್‌ನಲ್ಲಿ ಭೋರ್ಗರೆಯುತ್ತಿತ್ತು. ಇನ್ನೊಂದು ಕನಿಷ್ಠ ವೇಗದಲ್ಲಿ ತಿರುಗುತ್ತಿತ್ತು, ಅದರ ಎನ್‌ಆರ್‌ವಿ (ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್) ಮುಚ್ಚಿತ್ತು. ಪಂಪಿನ ಹೊಟ್ಟೆಯಲ್ಲಿದ್ದ ನೀರೇ ಸುತ್ತಿ ಸುತ್ತಿ ಕುದಿಯುವಷ್ಟು ಬಿಸಿಯಾಗಿತ್ತು. ಕಾರಣ ಇಷ್ಟೇ. ಎರಡು ಸೆನ್ಸರಿನ ಓದಿನಲ್ಲಿ 0.1 ಕೆಜಿ ವ್ಯತ್ಯಾಸ. ಒಂದಕ್ಕೆ 2.95 ಕಂಡರೆ ಇನ್ನೊಂದಕ್ಕೆ 3.05. ಮೊದಲನೆಯದು "ಕಡಿಮೆಯಾಯ್ತು" ಅಂತ ವೇಗ ಹೆಚ್ಚಿಸುತ್ತದೆ, ಎರಡನೆಯದು "ಜಾಸ್ತಿಯಾಯ್ತು" ಅಂತ ಇಳಿಸುತ್ತದೆ. ಪಿಐ ಕಂಟ್ರೋಲರಿನ ಇಂಟಿಗ್ರಲ್ ಭಾಗಕ್ಕೆ ಮರೆವಿಲ್ಲ. ಸಣ್ಣ ತಪ್ಪನ್ನೂ ಕೂಡಿಸುತ್ತಲೇ ಹೋಗುತ್ತದೆ. ಕೊನೆಗೆ ಒಂದು ನೆತ್ತಿಗೆ, ಇನ್ನೊಂದು ಪಾತಾಳಕ್ಕೆ. ಎರಡರಲ್ಲೂ ಯಾವ ದೋಷವೂ ಇರಲಿಲ್ಲ. ಒಂದೇ ಹಗ್ಗಕ್ಕೆ ಇಬ್ಬರು ಹಟಮಾರಿಗಳನ್ನು ಕಟ್ಟಿದ್ದು ನಮ್ಮ ತಪ್ಪು.

ಇದಕ್ಕೆ ಔಷಧ ಕರೆಂಟಿನ ಗ್ರಿಡ್‌ನಲ್ಲಿ ಎಂದೋ ಸಿಕ್ಕಿದೆ. 2013ರ ಡಿಸೆಂಬರ್ 31ರಿಂದ ಇಡೀ ದೇಶದ ಗ್ರಿಡ್ ಒಂದೇ ಆಗಿ ತಿರುಗುತ್ತಿದೆ. ಅಷ್ಟು ಜನರೇಟರ್‌ಗಳು ಕ್ಷಣ ಕ್ಷಣಕ್ಕೂ ಫೋನ್ ಮಾಡಿಕೊಂಡು ಲೋಡ್ ಹಂಚಿಕೊಳ್ಳುವುದಿಲ್ಲ. 50 ಹರ್ಟ್ಜ್ ಅನ್ನುವ ಆವರ್ತನವೇ ಅವುಗಳಿಗೆ ಸುದ್ದಿ. ಲೋಡ್ ಹೆಚ್ಚಾದರೆ ಆವರ್ತನ ಸ್ವಲ್ಪ ಇಳಿಯುತ್ತದೆ, ಜನರೇಟರಿನ ಗವರ್ನರ್ (ವೇಗ ಹಿಡಿತದಲ್ಲಿಡುವ ಸಾಧನ) ಅದನ್ನು ನೋಡಿ ತನ್ನ ಪಾಲು ಹೆಚ್ಚಿಸುತ್ತದೆ. ಲೋಡ್ ಹೆಚ್ಚಿದಷ್ಟೂ ಗುರಿ ಸ್ವಲ್ಪ ಇಳಿಯುವ ಹಾಗೆ ಬೇಕೆಂದೇ ಇಳಿಜಾರಾಗಿ ಇಡುತ್ತಾರೆ, ಸಾಮಾನ್ಯವಾಗಿ ಶೇಕಡ 3ರಿಂದ 6. ಇದಕ್ಕೆ ಡ್ರೂಪ್ ಅಂತ ಹೆಸರು.

ನಾವೂ ಹಾಗೇ ಮಾಡಿದೆವು. ಇಂಟಿಗ್ರಲ್ ತೆಗೆದು ಬಿಟ್ಟು ಗುರಿಗೆ ಇಳಿಜಾರು ಕೊಟ್ಟೆವು. ಕನಿಷ್ಠ ವೇಗದಲ್ಲಿ 3.25 ಕೆಜಿ, ಪೂರ್ತಿ ವೇಗದಲ್ಲಿ 2.75. ಈಗ 0.1 ಕೆಜಿ ವ್ಯತ್ಯಾಸ ಬಂದರೆ ಎರಡು ಮೋಟರಿನ ವೇಗದಲ್ಲಿ ಐದನೇ ಒಂದು ಪಾಲಿನ ವ್ಯತ್ಯಾಸ, ಅಷ್ಟೇ. ಎರಡೂ ನೀರು ತಳ್ಳುತ್ತವೆ. ಬೆಲೆ ಏನು ಕೊಟ್ಟೆವು? ಒತ್ತಡ ನಿಖರವಾಗಿ 3ರಲ್ಲಿ ನಿಲ್ಲುವುದಿಲ್ಲ. ಎಲ್ಲ ಜೆಟ್ ತೆರೆದಾಗ ಎಸೆತ ಒಂದೆರಡು ಅಡಿ ಕಡಿಮೆ. ಅದನ್ನು ನೋಡಿಕೊಂಡು ಜೆಟ್‌ಗಳನ್ನು ಸ್ವಲ್ಪ ಹತ್ತಿರ ಇಟ್ಟೆವು. ಒಂದು ಪೈಸೆಯ ಹೊಸ ಸಾಮಾನು ತರಲಿಲ್ಲ.

ಒಂದು ಎಚ್ಚರಿಕೆ ಉಂಟು. ಕೆಲವು ವ್ಯವಸ್ಥೆಗಳನ್ನು, ಯಾರೂ ಮಾತಾಡದೆ, ಎಂಥ ಜಾಣ ಲೀನಿಯರ್ ಕಂಟ್ರೋಲರ್ ಹಾಕಿದರೂ ಹದಕ್ಕೆ ತರಲು ಆಗುವುದೇ ಇಲ್ಲ. 1973ರಲ್ಲಿ ವಾಂಗ್ ಮತ್ತು ಡೇವಿಸನ್ ಇದನ್ನು ತೋರಿಸಿದರು. ನೀರಿನ ಮೋಟರ್‌ಗಳಲ್ಲಿ ಇದು ಬರುವುದು ಅಪರೂಪ. ಕೆರೆ, ಟ್ಯಾಂಕು ತಾವಾಗಿಯೇ ಹುಚ್ಚು ಹಿಡಿದು ಓಡುವಂಥವಲ್ಲ.

ನೆರೆಹೊರೆಯ ಮಾತು

ಇಲ್ಲಿ ಪ್ರತಿ ಮೋಟರಿಗೂ ಅದರದ್ದೇ ಕಂಟ್ರೋಲರ್ ಇರುತ್ತದೆ. ಜೊತೆಗೆ ಪಕ್ಕದವರೊಂದಿಗೆ ಮಾತ್ರ ಸುದ್ದಿ ಹಂಚಿಕೊಳ್ಳುತ್ತದೆ. ಎಲ್ಲರ ಸುದ್ದಿ ಎಲ್ಲರಿಗೂ ಬೇಡ.

ಸಾಲು ಕೆರೆ ಇರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮೂರು ಕೆರೆ ಒಂದರಿಂದ ಒಂದಕ್ಕೆ ತೋಡಿನಲ್ಲಿ ಸೇರಿಕೊಂಡಿವೆ ಅನ್ನಿ. ಕೆಳಗಿನ ಕೆರೆಯಲ್ಲಿ ನೀರು ಕಡಿಮೆಯಾಯಿತು. ನಡುವಿನ ತೂಬು ತೆರೆಯಿತು. ನೀರು ಬರಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಇನ್ನೂ ಕಡಿಮೆ ಅಂತ ಇನ್ನಷ್ಟು ತೆರೆಯಿತು. ಈಗ ನಡುವಿನ ಕೆರೆ ಅಗತ್ಯಕ್ಕಿಂತ ಜಾಸ್ತಿ ಇಳಿಯಿತು. ಅದನ್ನು ನೋಡಿ ಮೇಲಿನ ತೂಬು ಇನ್ನೂ ಜೋರಾಗಿ ತೆರೆಯಿತು. ಕೆಳಗಿನ ಸಣ್ಣ ಕೊರತೆ ಮೇಲೆ ಹೋಗುತ್ತಾ ಹೋಗುತ್ತಾ ದೊಡ್ಡದಾಗುತ್ತದೆ. ದೊಡ್ಡ ನೀರಾವರಿ ಕಾಲುವೆಗಳಲ್ಲಿ ಇದು ಹಳೆಯ ಕಾಯಿಲೆ. ಮದ್ದು ಕೂಡ ಅಲ್ಲಿಂದಲೇ ಬಂದಿದೆ. ಕೆಳಗಿನ ಗೇಟು ತೆರೆಯುವಾಗಲೇ "ಇಷ್ಟು ನೀರು ತೆಗೆಯುತ್ತಿದ್ದೇನೆ" ಅಂತ ಮೇಲಿನ ಗೇಟಿಗೆ ಹೇಳಬೇಕು. ಮೇಲಿನವರು ಮಟ್ಟ ಇಳಿಯುವವರೆಗೆ ಕಾಯುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಾಲುವೆಗಳಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಸೇರಿಕೊಂಡು ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದಾರೆ. ಇಲ್ಲಿ ಸುದ್ದಿ ಎರಡು ಸೆಕೆಂಡು, ನೀರು ಇಪ್ಪತ್ತು ನಿಮಿಷ. ಮೊದಲ ಅಳತೆಯಲ್ಲಿ ಪೂರ್ತಿ ಅಂಕ.

ತಡ ಇದ್ದಾಗ ಕಂಟ್ರೋಲರ್ ಸಾವಧಾನವಾಗಿರಬೇಕು. ನಾರ್ವೆಯ ಸ್ಕೋಗೆಸ್ಟಾಡ್ 2003ರಲ್ಲಿ ಕೊಟ್ಟ ಸುಲಭ ನಿಯಮ ನನಗೆ ಇಷ್ಟ. ಕೆರೆ, ಟ್ಯಾಂಕಿನಂಥದ್ದಕ್ಕೆ ಇಂಟಿಗ್ರಲ್ ಸಮಯವನ್ನು (ಕೂಡಿಬಂದ ತಪ್ಪನ್ನು ಎಷ್ಟು ನಿಧಾನಕ್ಕೆ ತಿದ್ದಬೇಕು ಅನ್ನುವ ಅಳತೆ) ತಡದ ಎಂಟು ಪಟ್ಟು ಇಡಿ. ಇಪ್ಪತ್ತು ನಿಮಿಷ ತಡವಿದ್ದರೆ 160 ನಿಮಿಷ. "ಇಷ್ಟು ನಿಧಾನವಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಅಷ್ಟು ನಿಧಾನ. ಬೇಗ ಬೇಕಾದ ಕೆಲಸವನ್ನು ಪಕ್ಕದವರ ಸುದ್ದಿ ಮಾಡಿಕೊಡುತ್ತದೆ.

ಎಲ್ಲ ಮೋಟರ್ ಸಮವಾಗಿ ಸವೆಯಲಿ ಅಂತಿದ್ದರೆ ಪ್ರತಿಯೊಂದೂ ತನ್ನ ಓಡಿದ ಗಂಟೆಯನ್ನು ಪಕ್ಕದವರಿಗೆ ಹೇಳಿ, ಸಿಕ್ಕಿದ ಅಂಕಿಗಳ ಸರಾಸರಿ ತೆಗೆಯುತ್ತಾ ಹೋದರೆ ಸಾಕು. ನಾಲ್ಕಾರು ಸುತ್ತಿನಲ್ಲಿ ಎಲ್ಲರ ಅಂಕಿ ಹತ್ತಿರ ಹತ್ತಿರ ಬರುತ್ತದೆ. ಇದು ಕನ್ಸೆನ್ಸಸ್ ವಿಧಾನ. ಆದರೆ ಒಂದು ಮೋಟರಿನ ಅಂಕಿ ಅಂಟಿಕೊಂಡು ಕೂತರೆ, ಉಳಿದವೆಲ್ಲ ಕೊನೆಗೆ ಅದೇ ಸುಳ್ಳು ಅಂಕಿಗೆ ಬಂದು ನಿಲ್ಲುತ್ತವೆ. ಯಾರೂ ಗದರುವವರಿಲ್ಲ. ಹಾಗಾಗಿ ಮೋಟರ್ ಓಡುತ್ತಿದ್ದರೂ ಒಂದೇ ಅಂಕಿ ಒಂದು ಗಂಟೆ ಅಲ್ಲಾಡದಿದ್ದರೆ ಅದನ್ನು ಕೈಬಿಡುವ ನಿಯಮ ಬರೆಯಲೇಬೇಕು.

ಸಾಮಾನಿನ ಖರ್ಚು ಕಡಿಮೆ. 865ರಿಂದ 867 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಓಡುವ ಲೋರಾಕ್ಕೆ ಇಲ್ಲಿ ಪ್ರತ್ಯೇಕ ಲೈಸೆನ್ಸ್ ಬೇಡ. ನೆರೆಯವರಿಗೆ ಮಾತ್ರ ಮುಟ್ಟಿದರೆ ಸಾಕಾದ್ದರಿಂದ ಗುಡ್ಡ ದಾಟಿಸುವ ಕಷ್ಟವೂ ಕಡಿಮೆ. ಖರ್ಚೆಲ್ಲ ತಲೆಗೆ. ಬರೆದವರು ಊರು ಬಿಟ್ಟರೆ ಮುಂದಿನ ಸೀಸನ್ನಿಗೆ ಅದನ್ನು ತಿದ್ದುವವರು ಸಿಗುವುದು ಕಷ್ಟ.

ಮೇಲೆ ರೈಟರ್, ಕೆಳಗೆ ಮೇಸ್ತ್ರಿ

ತೋಟದ ಕೆಲಸ ನಡೆಯುವುದೇ ಹೀಗೆ ಅಲ್ವಾ? ರೈಟರ್ (ತೋಟದ ಲೆಕ್ಕ, ಕೆಲಸದ ಹಂಚಿಕೆ ನೋಡುವವರು) ಬೆಳಗ್ಗೆ "ಇವತ್ತು ಮೂರನೇ ಬ್ಲಾಕು, ಹತ್ತು ಆಳು" ಅನ್ನುತ್ತಾರೆ. ಯಾವ ಗಿಡಕ್ಕೆ ಕತ್ತಿ ಹೇಗೆ ಹಿಡಿಯಬೇಕು ಅಂತ ಅವರು ಹೇಳುವುದಿಲ್ಲ. ಅದು ಮೇಸ್ತ್ರಿ ಕೆಲಸ. ರೈಟರ್ ಒಂದು ದಿನ ಬರದಿದ್ದರೆ ಮೇಸ್ತ್ರಿ ನಿನ್ನೆಯ ಕೆಲಸವನ್ನೇ ಮುಂದುವರಿಸುತ್ತಾರೆ.

ಮೋಟರಿಗೂ ಇದೇ ಎರಡು ಮೆಟ್ಟಿಲು. ಕೆಳಗೆ ಪ್ರತಿ ಮೋಟರಿನಲ್ಲಿ ಸೆಕೆಂಡಿನ ಲೆಕ್ಕದ ಸರಳ ಕಂಟ್ರೋಲ್. ಒತ್ತಡ ಹಿಡಿಯುವುದು, ನೀರಿಲ್ಲದೆ ಒಣ ಓಡದಂತೆ ನೋಡುವುದು, ಒಂದು ಫೇಸ್ ಹೋದರೆ ನಿಲ್ಲಿಸುವುದು. ಮೇಲೆ ಮನೆಯಲ್ಲಿ ಒಂದು ಕಂಪ್ಯೂಟರ್, ಹದಿನೈದು ನಿಮಿಷಕ್ಕೊಮ್ಮೆ ಗುರಿ ಬದಲಾಯಿಸುವುದು ಮಾತ್ರ ಅದರ ಕೆಲಸ. ಗ್ರಿಡ್‌ನಲ್ಲೂ ಹೀಗೇ. ಗವರ್ನರ್ ಸೆಕೆಂಡುಗಳಲ್ಲಿ ತಾನೇ ಸರಿಮಾಡುತ್ತದೆ. ಬೆಂಗಳೂರಿನ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರದಂಥ ಕಡೆಯಿಂದ ಯಾರು ಎಷ್ಟು ಉತ್ಪಾದಿಸಬೇಕು ಅನ್ನುವ ಸೂಚನೆ ನಿಧಾನವಾಗಿ ಬರುತ್ತದೆ.

ಒಂದು ಕಟ್ಟುನಿಟ್ಟು ಮಾತ್ರ ಪಾಲಿಸಬೇಕು. ಮೇಲಿನವರು ಕೆಳಗಿನವರಿಗಿಂತ ಐದರಿಂದ ಹತ್ತು ಪಟ್ಟು ನಿಧಾನವಾಗಿರಬೇಕು. ಕೆಳಗೆ ಒತ್ತಡ ನಿಲ್ಲಲು ಒಂದು ನಿಮಿಷ ಬೇಕಾದರೆ ಮೇಲಿನವರು ಐದು ನಿಮಿಷಕ್ಕೆ ಮೊದಲು ಗುರಿ ಬದಲಿಸಬಾರದು. ಬದಲಿಸಿದರೆ ಇಬ್ಬರೂ ಒಬ್ಬರ ಬೆನ್ನ ಹಿಂದೆ ಒಬ್ಬರು ಓಡುತ್ತಾರೆ.

ನಷ್ಟ ಏನು? ಮೇಲಿನ ಕಂಪ್ಯೂಟರ್ ಕಣ್ಣಿಗೆ ಹದಿನೈದು ನಿಮಿಷದೊಳಗೆ ಆದದ್ದು ಕಾಣುವುದಿಲ್ಲ. ಪೈಪು ಒಡೆದದ್ದನ್ನು ಕೆಳಗಿನ ಕಂಟ್ರೋಲರೇ ಹಿಡಿಯಬೇಕು. ಒಂದೇ ಮಿದುಳಿನಷ್ಟು ಚೊಕ್ಕ ಫಲವೂ ಬರುವುದಿಲ್ಲ. ನಾನಂತೂ ಇದನ್ನು ಒಪ್ಪಿಕೊಂಡಿದ್ದೇನೆ. ನಮ್ಮ ತೋಟದಲ್ಲಿ ಈಗ ಇರುವುದು ಇದೇ. ಮೇನ್ ಲೈನಿಗೆ ಡ್ರೂಪ್, ಎತ್ತುವ ಮೋಟರಿಗೆ ಫ್ಲೋಟ್, ಮೇಲೆ ಹದಿನೈದು ನಿಮಿಷದ ಯೋಜನೆ.

ನಿಮ್ಮ ತೋಟಕ್ಕೆ

ಐದು ಎಕರೆ, ಒಂದು ಕೆರೆ, ಒಂದು ಮೋಟರ್ ಇದ್ದರೆ ಇದ್ಯಾವುದೂ ಬೇಡ. ಫ್ಲೋಟ್, ಡ್ರೈ ರನ್ ರಕ್ಷಣೆ, ಒಳ್ಳೆಯ ಸ್ಟಾರ್ಟರ್. ಉಳಿದ ಹಣಕ್ಕೆ ಪೈಪು ತನ್ನಿ.

ಎರಡು ಮೂರು ಮೋಟರ್ ಬೇರೆ ಬೇರೆ ಲೈನಿಗೆ, ಒಂದರಿಂದ ಒಂದಕ್ಕೆ ಸಂಬಂಧ ಇಲ್ಲದಿದ್ದರೆ ತನ್ನ ಪಾಡಿಗೆ ತಾನು ಬಿಡಿ. ಆನ್ ಆಯ್ತೋ ಇಲ್ವೋ ಅಂತ ಗೊತ್ತಾಗಲು ಸಿಗ್ನಲ್ ಇರುವ ಕಡೆ ಮೊಬೈಲ್ ಸ್ಟಾರ್ಟರ್ ಸಾಕು. ಅದು ಸುದ್ದಿ ತಿಳಿಯಲು, ಕಂಟ್ರೋಲ್ ಮಾಡಲು ಅಲ್ಲ.

ಒಂದೇ ಮೇನ್ ಲೈನಿಗೆ ಎರಡು ಮೋಟರ್ ಇದ್ದರೆ, ಬಜೆಟ್ ಎಷ್ಟೇ ಇರಲಿ, ಮೊದಲು ಡ್ರೂಪ್ ಇಡಿ. ರೇಡಿಯೋ ನಂಬಿ ಒತ್ತಡ ಹಂಚಲು ಹೋಗಬೇಡಿ. ನೀರಿನ ಅಲೆ ನಿಮ್ಮ ಸಂದೇಶಕ್ಕಿಂತ ಮೊದಲು ಮುಟ್ಟುತ್ತದೆ. ಎರಡೂ ಮೋಟರ್ ಒಂದೇ ಮೋಟರ್ ಮನೆಯಲ್ಲಿದ್ದರೆ ಒಂದೇ ಸೆನ್ಸರ್, ಒಂದೇ ಕಂಟ್ರೋಲರ್ ಹಾಕಿ ಎರಡನ್ನೂ ಓಡಿಸುವುದು ಇನ್ನೂ ಸುಲಭ.

ಸಾಲು ಕೆರೆ, ತೋಡು ಇದ್ದವರು ನೆರೆಹೊರೆಯ ಮಾತಿಗೆ ಹಣ ಹಾಕಬಹುದು, ಮನೆಯಲ್ಲಿ ಅದನ್ನು ತಿದ್ದಬಲ್ಲ ಒಬ್ಬರು ಇದ್ದರೆ ಮಾತ್ರ. ಐವತ್ತು ಎಕರೆ ಮೇಲ್ಪಟ್ಟು ನಾಲ್ಕಾರು ಮೋಟರ್ ಇದ್ದವರಿಗೆ ರೈಟರ್–ಮೇಸ್ತ್ರಿ ಪದ್ಧತಿಯೇ ಸರಿ. ಅದನ್ನು ಕೆಳಗಿನಿಂದ ಮೇಲಕ್ಕೆ ಕಟ್ಟಿ. ಮೊದಲ ವರ್ಷ ಮೇಸ್ತ್ರಿ, ಎರಡನೇ ವರ್ಷ ರೈಟರ್. ತಿರುಗಾಮುರುಗಾ ಮಾಡಿದವರು ದುಡ್ಡು ಕೊಟ್ಟು ತಂದ ಕಂಪ್ಯೂಟರನ್ನು ಮೂಲೆಗೆ ಇಟ್ಟದ್ದನ್ನು ನೋಡಿದ್ದೇನೆ.

ಯಾವುದನ್ನೇ ಆರಿಸಿದರೂ ಕೂರಿಸುವವರ ಹತ್ತಿರ ಒಂದು ವಿಷಯ ಬರೆಸಿಕೊಳ್ಳಿ. ಸುದ್ದಿ ನಿಂತರೆ ಪ್ರತಿ ಮೋಟರ್ ಏನು ಮಾಡುತ್ತದೆ? ಕೊನೆಯ ಆಜ್ಞೆಯನ್ನು ಎಷ್ಟು ನಿಮಿಷ ಹಿಡಿದಿಡುತ್ತದೆ, ಆಮೇಲೆ ಯಾವ ನಿಯಮಕ್ಕೆ ಇಳಿಯುತ್ತದೆ? ಎತ್ತುವ ಮೋಟರಿಗೆ ಹತ್ತು ನಿಮಿಷ ಹಿಡಿದಿಟ್ಟು ಫ್ಲೋಟಿಗೆ ಇಳಿಯುವುದು ಸರಿ. ಮೇನ್ ಲೈನಿನ ಮೋಟರಿಗೆ ಕೊನೆಯ ಗುರಿಯಲ್ಲೇ ಮುಂದುವರಿಯುವುದು ಸರಿ, ಒತ್ತಡವನ್ನು ಅದು ತಾನೇ ನೋಡಿಕೊಳ್ಳುತ್ತದೆ. ತೂಬಿನ ಗೇಟಿಗೆ ಇದ್ದಲ್ಲೇ ನಿಲ್ಲುವುದು ಸರಿ. ಮೂರಕ್ಕೂ ಒಂದೇ ಉತ್ತರ ಕೊಟ್ಟರೆ ಅವರು ನಿಮ್ಮ ತೋಟ ನೋಡಿಲ್ಲ ಅಂತ ಅರ್ಥ.

ಹೂವಿನ ನೀರಿಗೆ ಮೊದಲು, ಜನವರಿಯಲ್ಲೇ, ಒಂದು ರಾತ್ರಿ ಪರೀಕ್ಷೆಗೆ ಇಡಿ. ಎಲ್ಲ ಮೋಟರ್ ಓಡುತ್ತಿರುವಾಗ ಮನೆಯ ರೂಟರ್ ಆಫ್ ಮಾಡಿ. ಆಮೇಲೆ ಗುಡ್ಡದ ಮೇಲಿನ ರೇಡಿಯೋ ಬೋರ್ಡಿಗೆ ಹೋಗುವ ಕರೆಂಟು ತೆಗೆಯಿರಿ. ಟಾರ್ಚ್ ಹಿಡಿದು ಒಂದೊಂದು ಮೋಟರ್ ಮನೆಗೂ ಹೋಗಿ ಗೇಜ್ ಓದಿ, ಪಂಪಿನ ಮೇಲೆ ಕೈ ಇಟ್ಟು ನೋಡಿ. ಓಡುತ್ತಾ ತಣ್ಣಗಿದ್ದರೆ ನೀರು ಹೋಗುತ್ತಿದೆ. ಬಿಸಿಯಾಗಿದ್ದರೆ ಆ ರಾತ್ರಿಯೇ ನಿಲ್ಲಿಸಿ, ಬೆಳಗ್ಗೆ ಕೂರಿಸಿದವರನ್ನು ಕರೆಸಿ.